ಅಂಗಾಲಿನ ಅಳತೆ

ಬೆಳಗಿನ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಮುದುಕಿಯ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಕಳಚಿತೆಂದು ಆಕೆಗೇ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾನೇ ಕೊಟ್ಟೆ ಸಾರ್. ನನ್ನ ಕೈಯಾರೆ ಎತ್ತಿ ಕೊಟ್ಬಿಟ್ಟೆ."

"ಯಾರಿಗೆ ಏನು ಕೊಟ್ರಿ?"

"ಮೊಮ್ಮಗಳನ್ನ."

ಮಗಳಿಗೆ ನಸುಕಿನಲ್ಲಿ ಹೆರಿಗೆ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತ್ತು. ಮಗಳಿಗಿನ್ನೂ ಮಂಪರು, ಕೂಸಿನ ಮುಖವನ್ನೇ ನೋಡಿರಲಿಲ್ಲ. ಆ ಆಸ್ಪತ್ರೆಯಲ್ಲಿ ದಿನಾ ಒಂಬತ್ತಕ್ಕೆ ಮಕ್ಕಳನ್ನೆಲ್ಲ ತೂಕದ ಕೋಣೆಗೆ ಒಯ್ಯುವ ರೂಢಿ. ನೀಲಿ ಏಪ್ರನ್ ತೊಟ್ಟವರು ಬಂದು ಕೈ ಚಾಚಿದರೆ ಕೊಡುವುದು, ಅಷ್ಟೆ. ನೀನು ಯಾರು ತಾಯಿ ಎಂದು ಈವರೆಗೆ ಒಬ್ಬರೂ ಕೇಳಿದ್ದಿಲ್ಲ.

"ಆಕೆ ಹೇಗಿದ್ಲು?"

"ಮಾಸ್ಕ್ ಹಾಕಿದ್ಲು. ಸ್ವಲ್ಪ ದಪ್ಪ. ಇಲ್ಲಿ ಎಲ್ಲಕ್ಕಿಂತ ಸಣ್ಣ ಮಗು ಯಾರದು ಅಂದ್ಲು. ನಮ್ದೇ ಅಂದೆ, ಪೆದ್ದಿ ನಾನು." ಮುದುಕಿ ಮೇಜಿನ ಅಂಚು ಹಿಡಿದುಕೊಂಡಳು. "ಮಗಳಿಗೆ ಎಚ್ಚರ ಆದ್ಮೇಲೆ ಏನಂತ ಹೇಳ್ಲಿ ಸಾರ್?"

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿ ಟೋಪಿ ಎತ್ತಿಕೊಂಡರು. ಜೊತೆಗೆ ಹೊರಟ ಮಹಿಳಾ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ 'ಗಡಿಯಾರ' ಎಂದೇ ಅಡ್ಡಹೆಸರು. ಸಾಹೇಬರು ಸೀನಿದರೂ ವೇಳೆ ಬರೆದುಕೊಳ್ಳುತ್ತಾಳೆಂದು ಉಳಿದವರು ಕಿಚಾಯಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಪಂಚನಾಮೆ ಬೇಗ ಮುಗಿಯಿತು, ಸಿಕ್ಕಿದ್ದೇ ಕಡಿಮೆ. ಬಚ್ಚಲಿನ ಬಕೆಟ್ಟಿನಲ್ಲಿ ನೀಲಿ ಏಪ್ರನ್, ಅದರ ಜೇಬಿನಲ್ಲಿ ಕತ್ತರಿಸಿದ ಮಗುವಿನ ಕೈಪಟ್ಟಿ. ಕೂಸು ಸಿಕ್ಕಮೇಲೆ ಗುರುತು ಹಿಡಿಸೋಣವೆಂದರೆ ಮುದುಕಿ ಆಗಲೇ ಪಕ್ಕದ ಹಾಸಿಗೆಯ ಕೂಸನ್ನೇ ತನ್ನದೆಂದು ಅಪ್ಪಿಕೊಂಡು ಅದರ ತಾಯಿಯಿಂದ ಬೈಸಿಕೊಂಡಿದ್ದಳು. ಒಂದು ದಿನದ ಮಕ್ಕಳೆಲ್ಲ ಒಂದೇ ಥರ ಕಾಣುತ್ತವೆ. ಆಕೆಯನ್ನು ಬೈದು ಪ್ರಯೋಜನವಿಲ್ಲ.

ಮಕ್ಕಳ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಲೇ ಹೊರಗೆ ಬಂದರು. "ಎರಡೇ ಕೆಜಿ ಇದೆ ಸಾರ್ ಆ ಮಗು. ಎರಡು ಗಂಟೆಗೊಮ್ಮೆ ಹಾಲು ಬೀಳ್ಬೇಕು, ಮೈ ಬೆಚ್ಚಗಿರ್ಬೇಕು."

"ತಪ್ಪಿದ್ರೆ?"

"ಅಳೋದಿಲ್ಲ. ಸುಮ್ನೆ ನಿದ್ದೆ ಹೋಗುತ್ತೆ. ಆ ನಿದ್ದೆ ಒಳ್ಳೇದಲ್ಲ."

ಗಡಿಯಾರ ಆ ಮಾತನ್ನು ಬರೆದುಕೊಳ್ಳಲಿಲ್ಲ. ಇಬ್ಬರೂ ಗೇಟಿನ ಕಡೆಗೆ ಹೆಚ್ಚುಕಡಿಮೆ ಓಡಿದರು.

ಗೇಟಿನ ಬಳಿಯ ಆಟೊದವರು ಯಾರೂ ಕೂಸಿನೊಂದಿಗೆ ಹೋದವಳನ್ನು ಕಂಡಿರಲಿಲ್ಲ. ಒಬ್ಬ ಮಾತ್ರ ತಲೆ ಕೆರೆದುಕೊಂಡ. "ಮಗು ಇರ್ಲಿಲ್ಲ ಸಾರ್. ಒಬ್ರು ಬಸುರಿ ಹೆಂಗಸು ಬ್ಯಾಗ್ ಹಿಡ್ಕೊಂಡು ಹತ್ತಿದ್ರು. ಗುಂಡಿಗೆ ಇಳಿಸ್ಬೇಡಪ್ಪ ಅಂದ್ರು. ಹಿಟ್ಟಿನ ಗಿರಣಿ ಹಿಂದೆ ಬಿಟ್ಟೆ." ಬಸುರಿ ಎಂದಮೇಲೆ ಅವನಿಗೇಕೆ ಅನುಮಾನ ಬರಬೇಕು?

ಗಿರಣಿ ಹಿಂದಿನ ಓಣಿಯಲ್ಲಿ ಗಡಿಯಾರ ಮನೆಮನೆ ಬಾಗಿಲು ತಟ್ಟಿದಳು. ನಾಲ್ಕನೇ ಬಾಗಿಲಲ್ಲೇ ಸುದ್ದಿ ಸಿಕ್ಕಿತು. ಬಟ್ಟೆ ಹೊಲಿಯುವಾಕೆಯ ಸೊಸೆಗೆ ಇವತ್ತೇ ಹೆರಿಗೆಯಾಗಿದೆ, ಪಾಪ, ಎಂಟನೇ ತಿಂಗಳಿಗೇ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ನೆಲದ ತುಂಬ ಬಣ್ಣಬಣ್ಣದ ಚಿಂದಿ. ಅತ್ತೆ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಾಗಿಲು ತೆರೆದಳು. ಒಳಕೋಣೆಯಲ್ಲಿ ಸೊಸೆ ಕತ್ತಿನವರೆಗೂ ಹೊದ್ದು ಮಲಗಿದ್ದಳು. ಮಗ್ಗುಲಲ್ಲಿ ಸೀರೆಯ ಸುತ್ತಿನಲ್ಲಿ ಕೂಸು, ಅದರ ಪಕ್ಕ ಅರ್ಧ ತುಂಬಿದ ಹಾಲಿನ ಬಾಟಲಿ. ಕೂಸು ನಿದ್ದೆಯಲ್ಲಿತ್ತು. ಇನ್‌ಸ್ಪೆಕ್ಟರ್ ಬಗ್ಗಿ ಅದರ ಉಸಿರು ನೋಡಿದರು.

"ಯಾವಾಗ ಆಯ್ತಮ್ಮ?"

"ಬೆಳಿಗ್ಗೆ ಸಾರ್. ಪೇಟೇಲಿ ನೋವು ಬಂತು, ಆಟೊ ಹತ್ತಿ ಬಂದೆ. ಅತ್ತೆ ಬಟ್ಟೆ ಕೊಡೋಕೆ ಹೋಗಿದ್ರು. ಒಬ್ಳೇ ಇದ್ದೆ."

"ಯಾರನ್ನೂ ಕೂಗ್ಲಿಲ್ವ?"

"ಬಾಯೇ ಬರ್ಲಿಲ್ಲ." ಸೊಸೆ ಕೂಸಿನತ್ತ ಮುಖ ತಿರುಗಿಸಿದಳು. "ಎಂಟು ತಿಂಗಳಿಗೇ ಆಯ್ತಲ್ಲ, ನೋಡಿ ಎಷ್ಟು ಸಣ್ಣಕ್ಕಿದೆ."

ಬಾಗಿಲಲ್ಲಿ ಸೇರಿದ ನೆರೆಯವರೆಲ್ಲ ಹೌದೆಂದರು. ಅವಳ ಹೊಟ್ಟೆ ಬೆಳೆದದ್ದನ್ನು ಓಣಿಗೆ ಓಣಿಯೇ ಕಂಡಿತ್ತು. ಲೇಡಿ ಡಾಕ್ಟರಿಂದ ಪರೀಕ್ಷೆ ಮಾಡಿಸೋಣವೆಂದರೆ ಸೊಸೆ ಮೈ ಮುಟ್ಟಿಸಿಕೊಳ್ಳಲು ಒಪ್ಪಲಿಲ್ಲ. ಒತ್ತಾಯಿಸಲು ಆದೇಶ ಬೇಕು, ಆದೇಶಕ್ಕೆ ಆಧಾರ ಬೇಕು. ನಿಜವಾಗಿ ಹೆತ್ತವಳಾಗಿದ್ದರೆ ಹಸಿ ಬಾಣಂತಿಯ ಮಗ್ಗುಲಿಂದ ಕೂಸನ್ನು ಕಿತ್ತ ಪಾಪ ತಲೆಗೆ ಸುತ್ತಿಕೊಳ್ಳುತ್ತದೆ. ಅಲ್ಲವಾಗಿದ್ದರೆ, ತಾವಿಲ್ಲಿ ಕಾನೂನು ನೆನೆಯುತ್ತ ನಿಂತಷ್ಟು ಹೊತ್ತು ಅದು ಒಳ್ಳೆಯದಲ್ಲದ ಆ ನಿದ್ದೆಗೆ ಜಾರುತ್ತಿರುತ್ತದೆ. ಮೇಲಧಿಕಾರಿಗೆ ಫೋನ್ ಮಾಡಿ ಕೇಳೋಣವೆಂದು ಹೊರಗೆ ಹೊರಟರು.

ಹೊಸಿಲು ದಾಟುವಾಗ ಮುದುಕಿಯ ಮಾತು ಥಟ್ಟನೆ ನೆನಪಾಯಿತು. ಎಲ್ಲಕ್ಕಿಂತ ಸಣ್ಣ ಮಗು ಯಾರದು? ಕದಿಯುವವರು ದುಂಡಗಿನ ಕೂಸನ್ನು ಆರಿಸಿಯಾರು. ಬಡಕಲನ್ನೇ ಹುಡುಕಿ ಒಯ್ಯುವ ಅಗತ್ಯ ಯಾರಿಗಿರುತ್ತದೆ? ತಿಂಗಳು ತುಂಬಿಲ್ಲವೆಂದು ಓಣಿಗೆಲ್ಲ ಗೊತ್ತಿರುವವಳಿಗೆ.

"ನಿನ್ನ ಮೈ ಯಾರೂ ಮುಟ್ಟೋದಿಲ್ಲಮ್ಮ," ಎಂದು ತಿರುಗಿ ಬಂದರು. "ಎಂಟು ತಿಂಗಳ ಕೂಸು ಅಂತೀಯ. ಒಂದ್ಸಲ ಮಕ್ಕಳ ಡಾಕ್ಟರು ನೋಡ್ಲಿ. ಬೇಡ ಅನ್ಬೇಡ."

ಅತ್ತೆ ಸೊಸೆಗಿಂತ ಮೊದಲೇ ಹೂಂ ಎಂದು ತಲೆಯಾಡಿಸಿದಳು.

ಗಡಿಯಾರ ಸ್ಕೂಟರಿನಲ್ಲಿ ಡಾಕ್ಟರಮ್ಮನನ್ನು ಕರೆತಂದಳು. ಅವರು ಮೊದಲು ಕೂಸನ್ನು ಎದೆಗೊತ್ತಿ ಬೆಚ್ಚಗೆ ಮಾಡಿದರು, ಸೂಜಿಯ ಮೊನೆಯಿಂದ ಒಂದು ತೊಟ್ಟು ರಕ್ತ ತೆಗೆದು ಸಕ್ಕರೆ ನೋಡಿದರು, ಬಾಟಲಿ ಬದಿಗಿಟ್ಟು ಚಮಚದಲ್ಲಿ ಹಾಲು ಹಾಕಿದರು. ಕೂಸು ಕಣ್ಣು ಬಿಟ್ಟು ಚಪ್ಪರಿಸಿತು.

ಆಮೇಲೆ ಡಾಕ್ಟರಮ್ಮ ಕೋಟಿನ ಜೇಬಿನಿಂದ ಪಾರದರ್ಶಕ ಸ್ಕೇಲು ತೆಗೆದು, ಪುಟ್ಟ ಅಂಗಾಲನ್ನು ಅದಕ್ಕೆ ಆನಿಸಿ, ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಅಳೆದರು. ಟೇಪು ತಂದಿರಲಿಲ್ಲ. ಅತ್ತೆ ತನ್ನ ಕುತ್ತಿಗೆಯದನ್ನು ತೆಗೆದುಕೊಟ್ಟಳು. ಅದರಲ್ಲೇ ತಲೆಯ ಸುತ್ತು, ಎದೆಯ ಸುತ್ತು ನೋಡಿದರು. ಕೊನೆಗೆ ಕಿವಿಯನ್ನು ಮೆಲ್ಲಗೆ ಮಡಚಿ ಬಿಟ್ಟರು. ಅದು ಟಕ್ಕನೆ ನೆಟ್ಟಗಾಯಿತು.

"ಅಂಗಾಲು ಏಳೂ ಮುಕ್ಕಾಲು ಸೆಂಟಿಮೀಟರ್," ಎಂದರು ಇನ್‌ಸ್ಪೆಕ್ಟರಿಗೆ. "ಎಂಟನೇ ತಿಂಗಳಲ್ಲಿ ಹುಟ್ಟಿದ್ರೆ ಏಳರ ಆಸುಪಾಸಲ್ಲಿರ್ಬೇಕಿತ್ತು. ಇಲ್ನೋಡಿ, ಹಿಮ್ಮಡಿವರೆಗೂ ಗೆರೆ. ದಿನ ತುಂಬದ ಮಗೂಗೆ ಪಾದ ನುಣ್ಣಗಿರುತ್ತೆ. ಕಿವಿನೂ ಬಲಿತಿದೆ. ತಲೆ ಬೆಳೆದಿದೆ, ಎದೆ ಮಾತ್ರ ಬಡಕಲು. ಹೊಟ್ಟೆಯೊಳಗೆ ಪೋಷಣೆ ಸಾಲದೆ ಸೊರಗಿದ್ದು."

"ಅಂದ್ರೆ?"

"ಸಣ್ಣದು ಬೇರೆ, ಎಳೇದು ಬೇರೆ ಸಾರ್. ಇದು ದಿನ ತುಂಬಿದ ಮಗು."

"ಕೋರ್ಟಲ್ಲೂ ಹೀಗೇ ಹೇಳ್ತೀರಾ?"

"ಒಂದೆರಡು ವಾರ ಆಚೀಚೆ ಆಗ್ಬಹುದು ಅಂತಾನೂ ಹೇಳ್ತೀನಿ. ಒಂದು ತಿಂಗಳಷ್ಟು ತಪ್ಪೋದಿಲ್ಲ. ಯಾರ ಮಗು ಅಂತ ಮಾತ್ರ ಅಳತೆ ಹೇಳಲ್ಲ, ಅದು ನಿಮ್ಮ ಕೆಲಸ."

ಇನ್‌ಸ್ಪೆಕ್ಟರ್ ಹಾಸಿಗೆಯ ಬಳಿ ಸ್ಟೂಲೆಳೆದು ಕುಳಿತರು. ಗದರಲಿಲ್ಲ.

"ಆಸ್ಪತ್ರೇಲಿ ಒಬ್ಬಳು ಇನ್ನೇನು ಕಣ್ಣು ಬಿಡ್ತಾಳಮ್ಮ. ಬಿಟ್ಟ ತಕ್ಷಣ ಮಗು ಎಲ್ಲಿ ಅಂತಾಳೆ. ನಾನೇನು ಹೇಳ್ಲಿ?"

ಸೊಸೆ ಹೊದಿಕೆ ಸರಿಸಿ, ಎದ್ದು, ಬೀರುವಿನ ಕೆಳಗಿನಿಂದ ದಾರ ಕಟ್ಟಿದ ಬಟ್ಟೆಯ ದಿಂಬೊಂದನ್ನು ತಂದು ಅವರ ಮುಂದಿಟ್ಟಳು.

"ನಾಲ್ಕನೇ ತಿಂಗಳಲ್ಲೇ ಹೋಯ್ತು ಸಾರ್. ಬಚ್ಚಲಲ್ಲಿ."

"ಮನೆಯವರಿಗೆ ಹೇಳ್ಬಾರ್ದಿತ್ತಾ? ಹಿಂಸೆ ಕೊಡ್ತಿದ್ರಾ?"

"ಅಯ್ಯೋ, ಇಲ್ಲ. ಒಂದಿನಾನೂ ಯಾರೂ ಗದರಿಲ್ಲ. ಇವ್ರು ಲಾರಿ ಓಡಿಸ್ತಾ ಊರೂರಿಂದ ಫೋನ್ ಮಾಡಿ, ಮಲಗಿದ್ಯಾ, ಉಂಡ್ಯಾ ಅಂತ ಕೇಳೋರು. ನನಗೆ ಅಂತ ಅತ್ತೆ ರಾತ್ರಿ ಮೆಷಿನ್ ತುಳಿಯೋದು ಬಿಟ್ರು. ತಬ್ಬಲಿ ನಾನು, ಅಷ್ಟು ಅಕ್ಕರೆ ಎಲ್ಲೂ ಕಂಡಿರ್ಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಾನೇ ಹೊಟ್ಟೆ ಬೆಳೆಸ್ಕೊಂಡು ಬಂದೆ."

ದಿಂಬನ್ನು ಜಪ್ತಿ ಮಾಡಿ ಪಂಚರ ಸಹಿ ಪಡೆದರು. ಮಧ್ಯಾಹ್ನ ಒಂದೂಕಾಲು, ದಸ್ತಗಿರಿ, ಎಂದು ಗಡಿಯಾರ ಬರೆದುಕೊಂಡಳು. ಡಾಕ್ಟರಮ್ಮ ಕೂಸಿನೊಂದಿಗೆ ಆಗಲೇ ಜೀಪು ಹತ್ತಿದ್ದರು. ರಕ್ತದ ಡಿಎನ್‌ಎ ಪರೀಕ್ಷೆಯ ವರದಿ ಹತ್ತು ದಿನ ಬಿಟ್ಟು ಬಂದು, ಕೂಸು ಮುದುಕಿಯ ಮಗಳದೇ ಎಂದು ಹೇಳಿತು. ಆಸ್ಪತ್ರೆಯಲ್ಲಿ ತೂಕಕ್ಕೆ ಈಗ ಮಗುವಿನ ಜೊತೆ ಮನೆಯವರೊಬ್ಬರು ಹೋಗುತ್ತಾರೆ.

ಆ ಮಧ್ಯಾಹ್ನ ಸೊಸೆ ಹೊಸಿಲು ದಾಟಿದಾಗ ಅತ್ತೆ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ನನಗೆ ಗೊತ್ತಿತ್ತು ಸಾರ್," ಎಂದಳು.

ಇನ್‌ಸ್ಪೆಕ್ಟರ್ ನಿಂತರು. "ಏನು ಗೊತ್ತಿತ್ತು?"

"ತಿಂಗಳು ತಿಂಗಳೂ ಇವಳ ರವಿಕೆ ಬಿಚ್ಚಿ ಹೊಲಿತಿದ್ದೋಳು ನಾನು. ಹೊಟ್ಟೆ ಬೆಳೀತಿತ್ತು, ಎದೆ ಅಳತೆ ಒಂದಿಂಚೂ ಏರ್ಲಿಲ್ಲ. ಕೇಳಿದ್ರೆ ಎಲ್ಲಿ ನೊಂದ್ಕೋತಾಳೋ ಅಂತ ಸುಮ್ನಾದೆ. ತಾನೇ ಹೇಳ್ತಾಳೆ ಬಿಡು ಅಂದ್ಕೊಂಡೆ." ಆಕೆ ಸುತ್ತಿದ ಟೇಪನ್ನು ಬಿಚ್ಚಿದಳು. "ಇವತ್ತು ಬಂದು ನೋಡ್ತೀನಿ, ಮಗ್ಗುಲಲ್ಲಿ ಕೂಸು. ನನ್ನ ಟೇಪೇ ತಪ್ಪು ಅಂದ್ಕೊಂಡ್ಬಿಟ್ಟೆ ಸಾರ್."

ಸೊಸೆ ತಿರುಗಿ ನೋಡಿದಳು. ಇಬ್ಬರೂ ಅಳಲಿಲ್ಲ. ಅತ್ತೆ ಒಳಗೆ ಹೋಗಿ ಸೊಸೆಯ ಚಪ್ಪಲಿ ತಂದು, ಬಗ್ಗಿ, ಅವಳ ಕಾಲ ಬಳಿ ಇಟ್ಟಳು.

"ಹಾಕ್ಕೊ ಮಗಳೇ," ಎಂದಳು. "ನೆಲ ಸುಡುತ್ತೆ."