ಕಡಲ ಕಸದ ಕಳ್ಳ

ಸೋಮವಾರ ಬೆಳಿಗ್ಗೆ ಏಳಕ್ಕೆ ಲೊಸಾನಾ ಶೆಡ್ಡಿನ ಬೀಗ ತೆಗೆದಾಗ ನಲವತ್ತು ಮೂಟೆಗಳಲ್ಲಿ ಹನ್ನೊಂದು ಮಾತ್ರ ಉಳಿದಿದ್ದವು.

ಬೀಗ ಮುರಿದಿರಲಿಲ್ಲ. ಪುಡಿ ಮಾಡುವ ಯಂತ್ರ, ಡೀಸೆಲ್ ಕ್ಯಾನು, ಹೊಸ ತಕ್ಕಡಿ— ಎಲ್ಲ ಇದ್ದಲ್ಲೇ ಇದ್ದವು. ಹೋದದ್ದು ಕಸ. ಇಪ್ಪತ್ತೊಂಬತ್ತು ಮೂಟೆ ಖಾಲಿ ಪ್ಲಾಸ್ಟಿಕ್ ಬಾಟಲಿ.

"ಕಸ ಕದಿಯೋರು ಯಾರಿರ್ತಾರೆ, ಅವಿನೇಶ್?" ದೋಣಿಯಿಂದ ಇಳಿಯುತ್ತ ಸಾರ್ಜೆಂಟ್ ಅಕೆಸಾ ಕೇಳಿದರು.

ನಾನು ಅವರ ಠಾಣೆಯ ಕಾನ್‌ಸ್ಟೇಬಲ್. ಉತ್ತರ ಗೊತ್ತಿಲ್ಲದಾಗ ಸುಮ್ಮನಿರುತ್ತೇನೆ. ಗೊತ್ತಿದ್ದಾಗಲೂ ಬಹಳ ಸಲ ಹಾಗೆಯೇ.

ಲೊಸಾನಾ ರಾಜಧಾನಿ ಸುವಾದಲ್ಲಿ ಓದಿ ಬಂದು ಮೂರು ವರ್ಷದ ಹಿಂದೆ ಈ ಶೆಡ್ಡು ಹಾಕಿದವಳು. ಸಮುದ್ರ ದಡಕ್ಕೆಸೆದ ಪ್ಲಾಸ್ಟಿಕ್ಕನ್ನು ಆಯ್ದು, ಬೇರ್ಪಡಿಸಿ, ಹೊರದೇಶಕ್ಕೆ ಮಾರುವ ಸಂಸ್ಥೆ. ಹದಿನಾಲ್ಕು ಹೆಂಗಸರಿಗೆ ಅದೇ ಜೀವನ. ಮಕ್ಕಳನ್ನು ಆಚೆ ದಡದ ಶಾಲೆಗೆ ದಾಟಿಸುವ ದೋಣಿ ನಡೆಯುವುದೂ ಅದರಿಂದಲೇ.

"ನಾಳೆ ಹಡಗಲ್ಲಿ ಆಕ್ಲೆಂಡಿಂದ ಕೊಳ್ಳೋರು ಬರ್ತಿದಾರೆ, ಮೇಡಂ. ನಲವತ್ತು ಮೂಟೆ ತೋರಿಸಿದ್ರೆ ಎರಡು ವರ್ಷದ ಒಪ್ಪಂದ. ಇಲ್ದಿದ್ರೆ ಬಾಗಿಲು ಹಾಕ್ಬೇಕಾಗುತ್ತೆ."

"ಎಂಥ ಪ್ಲಾಸ್ಟಿಕ್ ಆದ್ರೂ ಆಗುತ್ತಾ ಅವ್ರಿಗೆ?"

"ಇಲ್ಲ. ಸಮುದ್ರದ್ದೇ ಆಗ್ಬೇಕು. ಪ್ರತಿ ಮೂಟೆ ಬಿಚ್ಚಿ, ಬಾಟ್ಲಿ ಕುಯ್ದು, ಉಪ್ಪು ಬಿಸಿಲು ತಿಂದಿದ್ಯಾ ಅಂತ ನೋಡ್ತಾರಂತೆ. ಶುಕ್ರವಾರ ತಿಳಿಸಿದ್ರು."

"ನೀನು ಯಾರ್ಯಾರಿಗೆ ಹೇಳ್ದೆ?"

"ಎಲ್ರಿಗೂ."

ಶೆಡ್ಡಿಗೆ ಎರಡು ಬಾಗಿಲು. ರಸ್ತೆಯ ಕಡೆಯದಕ್ಕೆ ಬೀಗ. ನೀರಿನ ಕಡೆಯದಕ್ಕೆ ಬರೀ ಹಗ್ಗದ ಗಂಟು. ಉಳಿದ ಹನ್ನೊಂದು ಮೂಟೆಗಳು ಆ ಹಗ್ಗದ ಬಾಗಿಲಿಗೆ ಒತ್ತಿಕೊಂಡೇ ಇದ್ದವು. ಅಕೆಸಾ ಅವುಗಳನ್ನು ಬಹಳ ಹೊತ್ತು ನೋಡಿದರು.

"ನಿನ್ನೆ ಸಂಜೆ ಇದ್ವಾ?"

"ಗೊತ್ತಿಲ್ಲ. ಭಾನುವಾರ ಯಾರೂ ಈ ಕಡೆ ಬರಲ್ಲ. ಇಡೀ ಊರು ಚರ್ಚಲ್ಲಿತ್ತು."

"ಮುನ್‌ಸಾಮಿ ಒಬ್ರನ್ನ ಬಿಟ್ಟು," ಎಂದಳು ಹಿಂದೆ ನಿಂತಿದ್ದ, ಶೆಡ್ಡಿನಲ್ಲಿ ಕೆಲಸ ಮಾಡುವ ವೀಕಾ.

ಯಾರೂ ನನ್ನ ಕಡೆ ನೋಡಲಿಲ್ಲ. ಅವರು ಹಾಗೆ ನೋಡದೆ ಉಳಿದದ್ದರಲ್ಲೇ ಒಂದು ಮಾತಿತ್ತು. ನಾನೂ ಇಂಡಿಯನ್, ಆ ಊರಿನಲ್ಲಿ ಮುನ್‌ಸಾಮಿಯದೊಂದೇ ಇಂಡಿಯನ್ ಮನೆ. ಅಂಗಡಿ, ಲಾರಿ ಅವರದೇ. ಗೋದಾಮಿಗೆಂದು ಈ ಜಾಗವನ್ನು ಅವರು ಹಿಂದೆ ಕೇಳಿದ್ದೂ ಎಲ್ಲರಿಗೂ ಗೊತ್ತು.

ನಾವು ಹೋದಾಗ ಮುನ್‌ಸಾಮಿ ಅಂಗಡಿಯಲ್ಲಿ ಮೀನಿನ ಡಬ್ಬಗಳನ್ನು ಜೋಡಿಸುತ್ತಿದ್ದರು.

"ಬಾ ತಮ್ಮಾ. ಬೇಡಿ ತಂದ್ಯಾ? ಸಣ್ಣ ಅಳತೇದು ಹಾಕು, ನನ್ ಕೈ ಕಡ್ಡಿ."

"ಜಾಗ ಕೇಳಿದ್ದು ನಿಜಾನಾ?" ಎಂದರು ಅಕೆಸಾ.

"ನಿಜ. ಲಾರಿ ಇರೋದೂ ನಿಜ. ಹಿತ್ತಲಿಗೆ ಹೋಗಿ ನೋಡಿ ಮೇಡಂ— ಎರಡು ವಾರದಿಂದ ಅದಕ್ಕೆ ಮುಂದಿನ ಚಕ್ರಾನೇ ಇಲ್ಲ. ಇಪ್ಪತ್ತೊಂಬತ್ತು ಮೂಟೆ ತಲೆ ಮೇಲೆ ಹೊತ್ಕೊಂಡು ಓಡಿದ್ನಾ?"

ಲಾರಿ ಇಟ್ಟಿಗೆಗಳ ಮೇಲೆ ಕೂತಿತ್ತು. ಕೆಳಗೆ ಕೋಳಿ ಮೊಟ್ಟೆಯಿಟ್ಟಿತ್ತು.

ಮತ್ತೆ ಶೆಡ್ಡಿಗೆ ಬಂದೆವು. ಬೀಗದ ಇನ್ನೊಂದು ಕೀಲಿ ಇದ್ದದ್ದು ವೀಕಾಳ ಹತ್ತಿರ.

"ಕೊರಳಲ್ಲೇ ಇದೆ, ನೋಡಿ. ಗಂಡ ಕೊಡಿಸ್ದೆ ಇದ್ದ ಸರ."

"ಇಲ್ಲಿ ನಿನ್ ಕೆಲ್ಸ ಏನು?"

"ಬಾಟ್ಲಿ ಮುಚ್ಚಳ ಬಿಚ್ಚಿ ಆ ಡ್ರಮ್ಮಿಗೆ ಹಾಕೋದು. ಬೆರಳೆಲ್ಲ ಸವೆದೋಗಿತ್ತು. ಒಂದ್ ತಿಂಗಳಿಂದ ಆರಾಮು— ಸಮುದ್ರಕ್ಕೇ ನನ್ ಮೇಲೆ ಕರುಣೆ ಬಂದು ತಾನೇ ಬಿಚ್ಚಿ ಕಳಿಸ್ತಿದೆ!"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅಕೆಸಾ ನಗಲಿಲ್ಲ.

ಮೂಟೆಗಳನ್ನು ದೋಣಿಯಲ್ಲಿ ದಡಗಳಿಂದ ಶೆಡ್ಡಿಗೆ ತರುತ್ತಿದ್ದವರು ಲೊಸಾನಾಳ ಸೋದರಮಾವ ತೊಮಾಸಿ. ಅವರು ನಮಗೂ ಜೊತೆಗೆ ಬಂದಿದ್ದ ಲೊಸಾನಾಳಿಗೂ ಬೇಯಿಸಿದ ಮರಗೆಣಸು, ಚಹಾ ಕೊಟ್ಟು ಎದುರಿಗೆ ಕುಳಿತರು.

"ನೀವೂ ನಿನ್ನೆ ಚರ್ಚಿಗೆ ಹೋಗಿರ್ಲಿಲ್ವಂತೆ?"

"ಬಡಗಣ ದಡ ಕಾಯ್ತಿದ್ದೆ, ಮೇಡಂ. ಊರ ಮುಖ್ಯಸ್ಥರು ತೀರ್ಕೊಂಡು ಇವತ್ತಿಗೆ ಮೂವತ್ತೆಂಟು ದಿನ. ನೂರು ದಿನ ಆಗೋವರ್ಗೂ ಅಲ್ಲಿ ತಂಬು, ಅಂದ್ರೆ ನಿಷೇಧ. ಮೀನು, ಚಿಪ್ಪು, ಕಡ್ಡಿ— ಏನೂ ಮುಟ್ಟೋ ಹಾಗಿಲ್ಲ. ಕಾಯೋದು ನಮ್ಮ ಮನೆತನದ ಕೆಲ್ಸ."

ಅದರ ಮೇಲೆ ಯಾರು ಏನು ಕೇಳುತ್ತಾರೆ? ಸತ್ತವರ ಗೌರವಕ್ಕೆ ಸುಮ್ಮನಾದ ಸಮುದ್ರ ಅದು. ಊರೂ ಅದರ ಬಗ್ಗೆ ಸುಮ್ಮನಿತ್ತು.

ಅಕೆಸಾ ಲೊಸಾನಾಳ ಕಡೆ ತಿರುಗಿದರು. "ಬಡಗಣ ದಡ ಮುಚ್ಚಿದ್ಮೇಲೆ ಮೂಟೆ ಎಲ್ಲಿಂದ ಬರ್ತಿತ್ತು?"

"ಆಚೆಯ ಸಣ್ಣ ದ್ವೀಪಗಳಿಂದ..."

"ಯಾರಾದ್ರೂ ಹಾಗಂದ್ರಾ? ನೀನೇ ಅಂದ್ಕೊಂಡ್ಯಾ?"

"ಅಂದ್ಕೊಂಡೆ."

ಅಕೆಸಾ ಎಲ್ಲರನ್ನೂ ಶೆಡ್ಡಿನ ಹಿಂದಿನ ನೀರಿಗೆ ಕರೆದೊಯ್ದರು. ಕೈಯಲ್ಲಿ ಎರಡು ಬಾಟಲಿ. ಒಂದಕ್ಕೆ ಮುಚ್ಚಳ ಬಿಗಿದು ಅಲೆಗೆ ಬಿಟ್ಟರು, ತೇಲಿತು. ಮುಚ್ಚಳವಿಲ್ಲದ್ದನ್ನು ಬಿಟ್ಟರು. ಅದು ಓಲಾಡಿತು, ಗುಳುಗುಳು ನೀರು ಕುಡಿಯಿತು, ಮುಳುಗಿ ಮರಳಿನ ಮೇಲೆ ಮಲಗಿತು.

"ಮುಚ್ಚಳ ಇದ್ರೇನೇ ಈ ಬಾಟ್ಲಿ ಸಮುದ್ರ ದಾಟಿ ದಡಕ್ಕೆ ಬರೋದು. ವೀಕಾ ಒಂದ್ ತಿಂಗಳಿಂದ ಮುಚ್ಚಳಾನೇ ಬಿಚ್ಚಿಲ್ಲ. ಅಂದ್ರೆ ಒಂದ್ ತಿಂಗಳಿಂದ ಬಂದ ಬಾಟ್ಲಿ ಸಮುದ್ರಾನೇ ಕಂಡಿಲ್ಲ!"

ಯಾರೂ ನಗಲಿಲ್ಲ.

"ಇನ್ನೊಂದು. ಕಳ್ಳ ನೀರಿನ ಬಾಗಿಲಿಂದ ಬಂದ. ಕಾಲಿಗೆ ತಾಗೋ ಹನ್ನೊಂದು ಮೂಟೆ ದಾಟ್ಕೊಂಡು ಹೋಗಿ ಒಳಗಿನ ಇಪ್ಪತ್ತೊಂಬತ್ತು ಹೊತ್ತ. ಯಾಕೆ? ಮೊದಲು ಬಂದ ಹನ್ನೊಂದು ನಿಜವಾದ ಕಡಲಿನವು. ಉಳಿದವು ಸುಳ್ಳು ಅಂತ ಅವನೊಬ್ಬನಿಗೇ ಗೊತ್ತಿತ್ತು. ಬಿಚ್ಚಿ ನೋಡ್ತಾರೆ ಅಂತ ಶುಕ್ರವಾರ ತಿಳೀತು. ಅದಕ್ಕೇ ತಂದವನೇ ವಾಪಸ್ ತಗೊಂಡು ಹೋದ. ಅಲ್ವಾ, ತೊಮಾಸಿ?"

ತೊಮಾಸಿ ನೀರನ್ನೇ ನೋಡುತ್ತಿದ್ದರು.

"ಆಚೆ ದಡದ ಹೋಟೆಲಿನ ಹಿತ್ತಲಿಂದ ತರ್ತಿದ್ದೆ," ಎಂದರು. "ಅವ್ರು ಮುಚ್ಚಳ ತೆಗೆದೇ ಎಸೀತಾರೆ. ಮರಳಲ್ಲಿ ಉಜ್ಜಿ, ಉಪ್ಪು ನೀರಲ್ಲಿ ನೆನೆಸಿದ್ದೆ. ಎಲ್ಲಾ ಅಲ್ಲೇ ವಾಪಸ್ ಸುರಿದು ಬಂದೆ."

"ಯಾಕೆ ಮಾವ?" ಲೊಸಾನಾ ಕೇಳಿದಳು. "ಆಗಲ್ಲ ಅಂದಿದ್ರೆ ಆಗ್ತಿತ್ತಲ್ಲ!"

"ನೀನು ಅಕ್ಕನ ಮಗಳು. ನಲವತ್ತು ಮೂಟೆ ಬೇಕು ಮಾವ ಅಂದೆ. ಅಕ್ಕನ ಮಕ್ಕಳು ಕೇಳಿದ್ದಕ್ಕೆ ಇಲ್ಲ ಅನ್ನೋ ಬಾಯಿ ನಮ್ಮ ಪದ್ಧತಿ ಸೋದರಮಾವಂಗೆ ಕೊಟ್ಟಿಲ್ಲ. ತಂಬು ಮುರಿಯೋ ಕೈನೂ ಕೊಟ್ಟಿಲ್ಲ. ಇನ್ನೇನ್ ಮಾಡ್ಲಿ?"

"ದೂರು ಬರೀಲಾ?" ಎಂದು ಕೇಳಿದೆ. ಲೊಸಾನಾ ತಲೆಯಾಡಿಸಿದಳು. ಬೇಡ.

ಮರುದಿನ ಹಡಗುಕಟ್ಟೆಯ ಮೇಲೆ ಅವಳು ಆಕ್ಲೆಂಡಿನ ಹೆಂಗಸಿಗೆ ಏನನ್ನೂ ಮುಚ್ಚಿಡದೆ ಹೇಳಿದಳು. ಇರುವುದು ಹನ್ನೊಂದೇ ಮೂಟೆ, ಉಳಿದವು ಸಮುದ್ರದ್ದಲ್ಲ, ಬಡಗಣ ದಡ ತೆರೆಯಲು ಇನ್ನೂ ಅರವತ್ತೊಂದು ದಿನ. ಆಕೆ ಹನ್ನೊಂದನ್ನೂ ಬಿಚ್ಚಿಸಿ, ಬಾಟಲಿ ಕುಯ್ದು ನೋಡಿ, ಅಷ್ಟನ್ನೇ ಕೊಂಡರು. ಎರಡು ವರ್ಷದ ಒಪ್ಪಂದದ ಹಾಳೆ ಚೀಲದಲ್ಲೇ ಉಳಿಯಿತು. ದಡ ತೆರೆದ ಮೇಲೆ ಬರೆಯಿರಿ, ಎಂದರು.

ಶೆಡ್ಡು ಮುಚ್ಚಲಿಲ್ಲ. ವಾರಕ್ಕೆ ಮೂರು ದಿನ ನಡೆಸುವುದೆಂದಾಯಿತು.

ನಾವು ಹೊರಡುವಾಗ ಲೊಸಾನಾ ಮಾವನ ದೋಣಿಯ ಬಳಿ ನಿಂತಿದ್ದಳು.

"ಮಾವ, ಒಂದ್ ಮಾತು ಕೇಳ್ತೀನಿ. ನಾಳೆ ನನಗೆ ನಲವತ್ತು ಮೂಟೆ ತಂದ್ಕೊಡ್ತೀರಾ?"

ತೊಮಾಸಿ ಹುಟ್ಟು ಹಿಡಿದ ಕೈಯನ್ನೇ ನೋಡಿಕೊಂಡರು. ಬಾಯಿ ತೆರೆದರು, ಮುಚ್ಚಿದರು. ಲೊಸಾನಾ ಕಾದಳು. ನಮ್ಮ ದೋಣಿಯವನೂ ಎಂಜಿನ್ ಹಚ್ಚದೆ ಕಾದ.

"ಇಲ್ಲ ಕಣಮ್ಮ," ಎಂದರು ತೊಮಾಸಿ.