ಇಳಿಯದ ಗಾಜು

"ನೀನಾ...! ಯಾವ ಮಾರಿ ಹೊತ್ಕೊಂಡು ಈ ಬಾಗಿಲಿಗಿ ಬಂದಿ?"

ಅಯ್ಯಮ್ಮನ ಕೈಯಲ್ಲಿದ್ದ ಉಣ್ಣೆ ನೂಲುವ ಕದಿರು ನೆಲಕ್ಕೆ ಬಿತ್ತು. ಬಾಗಿಲಲ್ಲಿ ದೇವಿಂದ್ರ ತಲೆ ತಗ್ಗಿಸಿ ನಿಂತಿದ್ದ. ಅವನ ಹಿಂದೆ, ರಂಗಂಪೇಟೆಯ ಧೂಳಿನಲ್ಲಿ, ಬಸವಂತರಾಯ ಸಾವಕಾರರ ಕೆಂಪು ಮೋಟಾರು.

ಆ ಮೋಟಾರು! ಹೈದರಾಬಾದಿನ ನವಾಬನೊಬ್ಬ ಓಟದ ಹುಚ್ಚಿಗೆ ಕೊಂಡು, ಓಡಿಸಿ ಓಡಿಸಿ ಸುಸ್ತು ಮಾಡಿ ಮಾರಿದ್ದು. ಇಬ್ಬರು ಕೂರುವಷ್ಟೇ ಜಾಗ, ಊರಿಗೆಲ್ಲ ಕೇಳುವಷ್ಟು ಸದ್ದು. ಸಾವಕಾರರಿಗೆ ಅದರ ಮೇಲೆ ಮಕ್ಕಳಿಗಿಂತ ಹೆಚ್ಚು ಮಮತೆ.

ಅಯ್ಯಮ್ಮನಿಗೆ ಮಾತ್ರ ಅದನ್ನು ಕಂಡರಾಗದು.

ಕಳೆದ ಬೇಸಿಗೆಯಲ್ಲಿ ಅವಳ ಅಪ್ಪ ಹಂಪಣ್ಣ ಎದೆ ಹಿಡಿದುಕೊಂಡು ಕುಸಿದಿದ್ದ. ಶಹಾಪುರದ ದವಾಖಾನೆಗೆ ಒಯ್ಯಬೇಕು, ಯಾರಾದರೂ ಸಿಕ್ಕಾರೇನೋ ಎಂದು ಅವಳು ರಸ್ತೆಗೆ ಓಡಿದಳು. ಎದುರಿಗೆ ಇದೇ ಮೋಟಾರು ಬಂತು. ಪಕ್ಕದಲ್ಲಿ ಸಾವಕಾರರು. ಓಡಿಸುತ್ತಿದ್ದವನು ಅವರ ಡ್ರೈವರು ದೇವಿಂದ್ರ... ಅವಳಿಗೆಂದು ನಿಶ್ಚಯವಾಗಿದ್ದ ಗಂಡು!

ಮೋಟಾರು ನಿಂತಿತು. ಅವಳು ಗಾಜು ಬಡಿಬಡಿದು ಕೂಗಿದಳು. ಅವನು ಗಾಜು ಇಳಿಸಲಿಲ್ಲ. ಮುಖ ಕೆಳಗೆ ಹಾಕಿ, ಭುಜ ಕುಣಿಸಿ, ಏನೋ ಗೊಣಗಿ ಹೊರಟೇಬಿಟ್ಟ. ನಕ್ಕನೋ, ಬೈದನೋ! ಅಪ್ಪ ಎತ್ತಿನ ಬಂಡಿಯಲ್ಲಿ, ಅರ್ಧ ದಾರಿಯಲ್ಲೇ ತೀರಿಹೋದ.

ತಿಥಿ ಮುಗಿದದ್ದೇ ತಡ, ದೇವಿಂದ್ರನ ಮನೆಯಿಂದ ನಿಶ್ಚಯಕ್ಕೆ ಬಂದಿದ್ದ ಕುಬಸದ ಖಣವನ್ನು ಹಿಂದಕ್ಕೆ ಕಳಿಸಿದಳು. ಅವನು ಬಂದಾಗಲೆಲ್ಲ ಕದ ಹಾಕಿಕೊಂಡಳು. ನಾಳೆ ಹುಣಸಗಿಯಿಂದ ಸೋದರಮಾವ ಬಂದು ಅವಳನ್ನು ಕರೆದೊಯ್ಯುವವನಿದ್ದ. ಅಲ್ಲಿ ಬೇರೊಂದು ಗಂಡು ನೋಡಿಟ್ಟಿದ್ದ. ಒಮ್ಮೆ ಹೋದರೆ ಮುಗಿಯಿತು.

"ಸಾವಕಾರ್ರ ಹುಕುಂ ಆಗ್ಯಾದ್ರಿ ಅತ್ತಿ," ದೇವಿಂದ್ರ ಅವಳ ತಾಯಿ ಹಣಮಮ್ಮನಿಗೆ ಹೇಳಿದ. "ಮೋಟಾರದ ಗಾಜು ಬಿಗದು ಕುಂತಾವ. ಗಾಜು ಜಾರೋ ಸಂದಿನ್ಯಾಗಿನ ಉಣ್ಣಿ ಪಟ್ಟಿ ಹಾಳಾಗ್ಯಾದ. ಕಂಬಳಿ ಪಟ್ಟಿ ಬೇಕಿತ್ತು."

ಹಣಮಮ್ಮ ಒಳಗೆ ಹೋಗಿ, ಗಂಡ ನೇಯ್ದ ಕೊನೆಯ ಕಂಬಳಿಯನ್ನೇ ತಂದಳು.

"ಯವ್ವಾ... ಅದು ಅಪ್ಪಂದು!"

"ಸತ್ತಾಂವಗ ಚಳಿ ಹತ್ತಂಗಿಲ್ಲ. ಹಿಡಿ, ಅಂಚು ಕತ್ತರಸು." ತಾಯಿ ಕತ್ತರಿ ಚಾಚಿದಳು.

ದೇವಿಂದ್ರ ಬಾಗಿಲ ಸಂದಿಯಿಂದ ಕಪ್ಪು ಅಂಟನ್ನು ಕೆರೆದು ತೆಗೆಯತೊಡಗಿದ. ಅಯ್ಯಮ್ಮನಿಗೆ ಆ ವಾಸನೆ ಗೊತ್ತಿತ್ತು.

"ಇದು ಕೀಲೆಣ್ಣಿ ಅಲ್ಲೇನು? ಬಂಡಿ ಅಚ್ಚಿಗಿ ಹಾಕೋದು?"

"ಹ್ಞೂಂ. ನಂದು ಬಂಡಿ ಹೊಡದ ಕೈ. ಗಾಜು ಕಿರ್ ಅಂತಿತ್ತು. ಬಂಡಿಗಿ ಹಾಕಿದಂಗ ಇದಕ್ಕೂ ಹಾಕಿಬಿಟ್ಟೆ. ಧೂಳ ಕುಂತು ಕಲ್ಲಾತು." ಅವನು ತಲೆಯೆತ್ತಲಿಲ್ಲ. "ಈ ಬಾಜೂಕಿಂದು ಆತು. ಆ ಬಾಜೂಕಿಂದು ಎಲ್ಲಿ ಹಿಡಿತದ ನೋಡಬೇಕು. ಒಳಗ ಕುಂತು ಯಾರರ ಹಿಡಿಕಿ ತಿರುವಿದ್ರ..."

"ಹೋಗಬೇ," ಎಂದಳು ಹಣಮಮ್ಮ ಮಗಳಿಗೆ.

ಅಯ್ಯಮ್ಮ ಹಲ್ಲು ಕಚ್ಚಿ ಮೋಟಾರು ಓಡಿಸುವವನ ಜಾಗದಲ್ಲಿ ಕುಳಿತಳು. ಬಾಗಿಲು ಮುಚ್ಚಿತು. ಹಿಡಿಕೆ ತಿರುವಿದಳು. ಗಾಜು ಜಪ್ಪಯ್ಯ ಅನ್ನಲಿಲ್ಲ. ಎರಡೂ ಕೈ ಹಾಕಿ, ತಲೆ ಬಗ್ಗಿಸಿ, ಮೈಯೆಲ್ಲ ಬಲ ಹಾಕಿದಳು.

"ಇಳಿಯವಲ್ದು... ಇಳಿಯವಲ್ದು ನೋಡು!"

ಹೊರಗೆ ನಿಂತ ದೇವಿಂದ್ರ ಕಿವಿಗೆ ಕೈಯಿಟ್ಟ. ಅವನಿಗೆ ಏನೂ ಕೇಳಿಸಲಿಲ್ಲ.

ಅಯ್ಯಮ್ಮನ ಕೈ ತಟ್ಟನೆ ನಿಂತಿತು. ಬಗ್ಗಿದ ಮುಖ... ಕುಣಿಯುವ ಭುಜ... ಗೊಣಗುವ ತುಟಿ... ದೇವರೇ! ಅವತ್ತು ನಾನು ಹೊರಗಿನಿಂದ ಕಂಡದ್ದು ಇದನ್ನೇ ಅಲ್ಲವೇ?

ಅವಳು ಬಾಗಿಲು ದೂಡಿದಳು. "ಅವತ್ತ... ಒಳಗ ಕುಂತು ಏನಂದಿ ನೀ?"

ದೇವಿಂದ್ರನ ಕಣ್ಣು ತುಂಬಿದವು.

"ಇಲ್ಲೇ ನಿಂದ್ರು, ಸಾವಕಾರ್ರನ್ನ ಕಚೇರಿಗಿ ಬಿಟ್ಟು ಈಗ ಹೊಳ್ಳಿ ಬರ್ತೀನಿ ಅಂದೆ. ಬಂದೆ, ಅಯ್ಯಮ್ಮ. ನೀವು ಹೊಲದ ಬಂಡಿದಾರಿ ಹಿಡದು ಹೋಗಿಬಿಟ್ಟಿದ್ರಿ. ನಾ ರಸ್ತಾದ ಮ್ಯಾಲ ಶಹಾಪುರ ಮಟ ಹುಡುಕ್ಕೋತ ಹೋದೆ."

"ಬಾಗಿಲಾ ಯಾಕ ತೆಗೀಲಿಲ್ಲ?"

"ಬಾಜೂಕ ಸಾವಕಾರ್ರು ಹೊಡಿ, ಹೊಡಿ ಅನ್ನಾಕತ್ತಿದ್ರು... ಹೆದರಿದೆ. ತಪ್ಪು ಗಾಜಿನ ಮ್ಯಾಲ ಹಾಕಿ ನಾ ಪಾರಾಗಂಗಿಲ್ಲ."

ಅಯ್ಯಮ್ಮನಿಗೆ ಕೋಪ ಬರಲಿಲ್ಲ. ಬಂದದ್ದು ಅದಕ್ಕಿಂತ ಕೆಟ್ಟದ್ದು.

"ಹಂಗಾರ... ನಾ ರಸ್ತಾದಾಗ ಜರಾ ಹೊತ್ತು ನಿಂತಿದ್ರ... ಅಪ್ಪ..."

"ಬ್ಯಾಡ! ಆ ಮಾತು ಅನಬ್ಯಾಡ. ಅದನ್ನ ಹೊರಾಕ ನಾ ಇದ್ದೀನಿ."

ಅವಳು ಅಪ್ಪನ ಕಂಬಳಿಗೆ ಮುಖವಿಟ್ಟು ಅತ್ತಳು. ಕುರಿ ವಾಸನೆ, ಅಪ್ಪನ ಬೆವರಿನ ವಾಸನೆ. ದೇವಿಂದ್ರ ಮುಟ್ಟಲಿಲ್ಲ, ದೂರವೂ ಹೋಗಲಿಲ್ಲ.

ಆಮೇಲೆ ಇಬ್ಬರೂ ಸೇರಿ ಕೆರೆದರು. ಚಿಮಣಿ ಎಣ್ಣೆಯಲ್ಲಿ ಸಂದಿ ಒರೆಸಿದರು. ಕಂಬಳಿಯ ಅಂಚನ್ನು ಒಳಗೆ ಕೂರಿಸಿ, ಮೇಲೆ ಬಳಪದ ಪುಡಿ ಸವರಿದರು. ಕೀಲೆಣ್ಣೆಯನ್ನು ಈ ಸಲ ಒಂದು ಹನಿಯೂ ಹಾಕಲಿಲ್ಲ. ಹೊತ್ತು ಇಳಿಯುತ್ತಿತ್ತು.

ಅವಳು ಮತ್ತೆ ಒಳಗೆ ಕುಳಿತು ಹಿಡಿಕೆ ತಿರುವಿದಳು. ಗಾಜು ಮೊದಲು ಸ್ವಲ್ಪ ತಡೆಯಿತು, ಆಮೇಲೆ ಸದ್ದಿಲ್ಲದೆ ಇಳಿಯಿತು. ಇಬ್ಬರ ನಡುವೆ ಈಗ ಬರೀ ಗಾಳಿ.

"ಏನರ ಅನ್ನು. ಕೇಳಸ್ತದ," ಎಂದ ಅವನು ಮೆಲ್ಲಗೆ.

"ನಾಳಿ ಮಾವ ಬರ್ತಾನ."

"ಗೊತ್ತದ."

"ಆ ಖಣ... ಇನ್ನಾ ಇಟ್ಟೀರೇನು?"

"ಅವ್ವನ ಸಂದೂಕದಾಗ ಅದ."

ಅವಳು ಹಿಡಿಕೆಯನ್ನೇ ನೋಡುತ್ತ ಹೇಳಿದಳು. "ಮಾವ ಬರೂಕಿಂತ ಮೊದಲ ನಿಮ್ಮವ್ವನ ಕೈಲೆ ಕಳಸು."

ದೇವಿಂದ್ರ ಕಿಟಕಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಗಾಜು... ಮ್ಯಾಲ ಏರತದಿಲ್ಲೋ ನೋಡಬೇಕಲ್ಲ?" ಅವನು ಕೇಳಿದ.

"ಈಗ ಬ್ಯಾಡ. ಜರಾ ಹೊತ್ತು ಹಿಂಗ ಇರಲಿ."