ಎಡ ಮುಂಚಕ್ರದ ವಾಷರ್

ಹೇಳುವುದಕ್ಕೆ ಕೆಲಸ ಒಂದೇ ಸಾಲಿನದು: ಬೆಟ್ಟದ ಮೇಲೆ ಕಾಲು ಮುರಿದುಕೊಂಡು ಬಿದ್ದಿರುವ ಒಬ್ಬನನ್ನು ಇವತ್ತು ಸಂಜೆಯೊಳಗೆ ಆಸ್ಪತ್ರೆಗೆ ತಲುಪಿಸಬೇಕು. ಮಾಡಲು ಹೊರಟರೆ ನಡುವೆ ನಲವತ್ತು ಕಿಲೋಮೀಟರ್ ದಾರಿಯೇ ಅಲ್ಲದ ದಾರಿ, ಒಂದು ಪೈನ್ ಕಾಡು, ಒಂದು ಹೊಳೆ. ಮೋಡ ಬೆಟ್ಟದ ಸೊಂಟದವರೆಗೂ ಇಳಿದಿತ್ತು. ಹೆಲಿಕಾಪ್ಟರ್ ಹಾರುವುದಿಲ್ಲ ಎಂದು ಬೆಳಿಗ್ಗೆ ಐದಕ್ಕೇ ಗೊತ್ತಾಯಿತು.

ಹೊರಟವರು ಮೂವರು. ಮೊದಲನೆಯವಳು ಕ್ಯಾಪ್ಟನ್, ಬೆಟ್ಟದ ಮೇಲಿನ ಹವಾಮಾನ ಕೇಂದ್ರಕ್ಕೆ ಸಾಮಾನು ಸಾಗಿಸುವ ಹೆಂಗಸು. ಸೈನ್ಯ ಗೀನ್ಯ ಸೇರಿದವಳಲ್ಲ; ಅವಳು ಸ್ಟಿಯರಿಂಗ್ ಹಿಡಿದು ಕೂತರೆ ಎದುರು ಮಾತಾಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ, ಅಷ್ಟಕ್ಕೇ ಆ ಹೆಸರು. ಮೇಲೆ ಬಿದ್ದಿರುವವನು ಅವಳ ಒಡಹುಟ್ಟಿದ ತಮ್ಮ. ಎರಡನೆಯವಳು ನರ್ಸ್. ಮೂರನೆಯವನು ಮೇಸ್ತ್ರಿ, ಪೇಟೆಯ ತುದಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ, ಅದರ ಹಿಂದೆ ಗ್ಯಾರೇಜು ಇಟ್ಟುಕೊಂಡವನು. ಅವನನ್ನು ಯಾರೂ ಕರೆದಿರಲಿಲ್ಲ. ಸುದ್ದಿ ಕೇಳಿದ್ದೇ ಟೂಲ್ ಚೀಲ ಹೆಗಲಿಗೇರಿಸಿ ತಾನಾಗಿಯೇ ಬಂದು ನಿಂತಿದ್ದ.

"ನೀವ್ಯಾಕೆ ಮೇಸ್ತ್ರಿ? ಅಂಗಡಿ ಯಾರು ನೋಡ್ಕೋತಾರೆ?"

"ಅಂಗಡಿ ಹಾಳಾಗ್ಲಿ ಬಿಡಿ ಕ್ಯಾಪ್ಟನ್. ನಾನೂ ಬರ್ತೀನಿ."

"ನಿಮ್ಮಂಥೋರು ಇರೋದು ನಮ್ಮ ಪುಣ್ಯ," ಎಂದಳು ಅವಳು, ಕಣ್ಣಲ್ಲಿ ನೀರು ತಂದುಕೊಂಡು.

ಕಪಾಳಕ್ಕೆ ಬಾರಿಸಿದ್ದರೂ ಮೇಸ್ತ್ರಿಗೆ ಅಷ್ಟು ಉರಿಯುತ್ತಿರಲಿಲ್ಲ. ತಲೆ ತಗ್ಗಿಸಿ ಹಿಂದಿನ ಸೀಟಿಗೆ ಹತ್ತಿದ.

ಕ್ಯಾಪ್ಟನ್ ಹತ್ತಿರ ಇದ್ದದ್ದು ಎರಡು ಗಾಡಿ, ಈಗ ಹೊರಟಿದ್ದ ಬಿಳಿಯದು, ತಮ್ಮ ಓಡಿಸುತ್ತಿದ್ದ ಕಂದು. ಎರಡೂ ನಡುಗಾತ್ರದ ಪಿಕಪ್ಪುಗಳು, ಕಲ್ಲು ಕೆಸರಿಗೆ ಹೇಳಿ ಮಾಡಿಸಿದವು. ಕಂಪನಿ ಬೇರೆ, ಮುಖ ಬೇರೆ, ಬುಡ ಮಾತ್ರ ಒಂದೇ. ಎರಡು ಕಂಪನಿಗಳು ಸೇರಿ ಒಂದೇ ಚಾಸಿ ಮಾಡಿ, ಮೇಲೆ ತಮ್ಮ ತಮ್ಮ ಅಂಗಿ ತೊಡಿಸಿ ಮಾರುತ್ತಿದ್ದವು. ಬೆಟ್ಟದವರು ಈ ಗಾಡಿಗಳಿಗೆ ಮುಗಿಬೀಳುತ್ತಿದ್ದದ್ದೇ ಅದಕ್ಕೆ. ಒಂದರ ಸಾಮಾನು ಇನ್ನೊಂದಕ್ಕೆ ಕೂರುತ್ತದೆ. ಕಂಪನಿಯದು ಸಿಗದಿದ್ದರೆ ಹೊರಗಿನವರು ಮಾಡಿದ್ದು ಸಿಗುತ್ತದೆ. ಮೇಸ್ತ್ರಿಯ ಅಂಗಡಿ ಮುಂದೆ ಬೋರ್ಡೇ ಇತ್ತು: "ಎರಡಕ್ಕೂ ಒಂದೇ ಸಾಮಾನು." ಆ ಬೋರ್ಡನ್ನು ಬರೆದವನೂ ಅವನೇ, ನಂಬಿದವನೂ ಅವನೇ.

ಮೂರು ವಾರದ ಹಿಂದೆ ಕಂದು ಗಾಡಿ ಅವನ ಗ್ಯಾರೇಜಿಗೆ ಬಂದಿತ್ತು. ಎಡ ಮುಂಚಕ್ರದ ಕೆಳಗಿನ ಬಾಲ್ ಜಾಯಿಂಟ್, ಎಂದರೆ ಚಕ್ರವನ್ನು ಗಾಡಿಯ ಬುಡಕ್ಕೆ ಹಿಡಿದಿಡುವ ಗುಂಡು ಕೀಲು, ಸವೆದಿತ್ತು. ಕಂಪನಿಯ ಸಾಮಾನು ಬರಲು ಹತ್ತು ದಿನ. ಕ್ಯಾಪ್ಟನ್ ತಮ್ಮನಿಗೋ ಮರುದಿನವೇ ಬೆಟ್ಟ ಹತ್ತಬೇಕು. ಮೇಸ್ತ್ರಿ ಕಪಾಟಿನಿಂದ ಹೊರಗಿನ ಕಂಪನಿಯ ಡಬ್ಬಿ ತೆಗೆದ. ಎರಡು ಗಾಡಿಗೂ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಾಲ್ಕು ಬೋಲ್ಟೂ ಸರಿಯಾಗಿ ಕೂತವು. ಜಾಯಿಂಟಿನ ಮೊನಚು ಕಡ್ಡಿ ಮಾತ್ರ, ಚಕ್ರ ಹೊತ್ತು ತಿರುಗುವ ಉಕ್ಕಿನ ಗಟ್ಟಿ ಇದೆಯಲ್ಲ, ಗ್ಯಾರೇಜಿನವರು ನಕಲ್ ಅನ್ನುವುದು, ಅದರ ತೂತಿನಲ್ಲಿ ಬೇಕಾದ್ದಕ್ಕಿಂತ ಒಂದು ಕೂದಲೆಳೆಯಷ್ಟು ಒಳಗೆ ಇಳಿಯಿತು. ನಟ್ಟು ತಿರುಗಿಸಿದರೆ, ಅದು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತನ್ನೂ ದಾಟಿ ಮುಂದೆ ಹೋಯಿತು.

ಅಲ್ಲಿ ನಿಲ್ಲಿಸಬೇಕಿತ್ತು. ಇಪ್ಪತ್ತೆರಡು ವರ್ಷ ಕೈ ಮಸಿ ಮಾಡಿಕೊಂಡವನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹುಡುಗನ ಅವಸರ, ತನ್ನ ಬೋರ್ಡಿನ ಜಂಬ, ಮೇಲಾಗಿ ಊಟದ ಹೊತ್ತು. ನಟ್ಟಿನ ಕೆಳಗೆ ಒಂದು ವಾಷರ್ ತುರುಕಿದ. ನಟ್ಟು ಮೇಲೆ ಬಂತು, ಪಿನ್ನು ಕೂತಿತು, ನೋಡಿದವರಿಗೆ ಎಲ್ಲ ಸರಿ. "ಹೋಗಿ ಬಾ," ಎಂದು ಬೆನ್ನು ತಟ್ಟಿ ಕಳಿಸಿದ.

ನಿನ್ನೆ ಸಂಜೆ ರೇಡಿಯೋದಲ್ಲಿ ಬಂದದ್ದು ಇಷ್ಟೇ: "ಅಕ್ಕಾ, ಮುಂದಿನ ಚಕ್ರ ಕಿತ್ಕೊಂಡು ಬಿತ್ತು. ನಾನು ಹೊರಗೆ ಹಾರ್ಕೊಂಡೆ. ಕಾಲು ಗಾಡಿ ಕೆಳಗೆ ಸಿಕ್ಕಿ ಮುರೀತು, ಹೇಗೋ ಎಳ್ಕೊಂಡೆ." ಯಾವ ಚಕ್ರ ಎಂದು ಅವನು ಹೇಳಲಿಲ್ಲ. ಮೇಸ್ತ್ರಿ ಯಾರನ್ನೂ ಕೇಳಲಿಲ್ಲ. ಅಂಗಡಿಗೆ ಓಡಿ, ಅಷ್ಟರಲ್ಲಿ ಬಂದು ಕೂತಿದ್ದ ಕಂಪನಿಯ ಬಾಲ್ ಜಾಯಿಂಟನ್ನು ಚೀಲದ ತಳಕ್ಕೆ ಹಾಕಿಕೊಂಡ. ಸದ್ದಿಲ್ಲದೆ ಹೋಗುವುದು, ಸದ್ದಿಲ್ಲದೆ ಬದಲಾಯಿಸುವುದು, ವಾಷರನ್ನು ಹೊಳೆಗೆ ಎಸೆದುಬಿಡುವುದು. ಅದು ಅವನ ಲೆಕ್ಕಾಚಾರ.

ಪೈನ್ ಕಾಡು ದಾಟುವಾಗ ಮೋಡದ ಸಂದಿಯಿಂದ ಒಂದಿಷ್ಟು ಬಿಸಿಲು ಬಂತು. ಉದ್ದುದ್ದ ಮರಗಳ ನಡುವೆ ಒಣ ಎಲೆಗಳ ಕಂದು ಹಾಸಿಗೆ. ಅದರ ಮೇಲೆ ಗಾಡಿ ಹೋದರೆ ಸದ್ದೇ ಇಲ್ಲ. ಕಾಡು ಮುಗಿದದ್ದೇ ಬರೀ ಕಲ್ಲಿನ ಸಾಮ್ರಾಜ್ಯ. ಗುಡ್ಡದ ಮೈಯಿಂದ ಉರುಳಿ ಬಂದ ಬಂಡೆಗಳು ಮನೆ ಖಾಲಿ ಮಾಡಿದವರು ಬೀದಿಯಲ್ಲಿ ಬಿಟ್ಟುಹೋದ ಸಾಮಾನಿನ ಹಾಗೆ ಅಡ್ಡಾದಿಡ್ಡಿ ಬಿದ್ದಿದ್ದವು. ಗಾಳಿ ತೆಳ್ಳಗಾಯಿತು. ದೂರದಲ್ಲಿ ಶಿಖರಗಳ ಮೇಲೆ ಮಳೆ ಸುರಿಯುತ್ತಿರುವುದು ಬೂದು ಪರದೆಯಂತೆ ಕಾಣುತ್ತಿತ್ತು. ಆ ನೀರೆಲ್ಲ ಮಧ್ಯಾಹ್ನದ ಹೊತ್ತಿಗೆ ಎಲ್ಲಿಗೆ ಬರುತ್ತದೆಂದು ಮೂವರಿಗೂ ತಿಳಿದಿತ್ತು.

ಹತ್ತು ಗಂಟೆಗೆ ಹೊಳೆ.

"ಆಳ ನೋಡ್ತೀನಿ," ಎಂದು ಮೇಸ್ತ್ರಿ ಕೋಲು ಹಿಡಿದು ಇಳಿದ. ಮೊಣಕಾಲು, ಆಮೇಲೆ ತೊಡೆ. ಆಚೆ ದಡ ಮುಟ್ಟಿ ಕೈ ಬೀಸಿದ. ಕ್ಯಾಪ್ಟನ್ ಬಿಳಿ ಗಾಡಿಯನ್ನು ನೀರಿಗಿಳಿಸಿದಳು.

ಅರ್ಧ ದಾರಿಯಲ್ಲಿ ಮೂತಿ ಧಡಕ್ಕನೆ ಮುಳುಗಿತು. ಗುಂಡಿ!

ನೀರು ಬಾನೆಟ್ ಹತ್ತಿತು. ಎಂಜಿನ್ ಒಮ್ಮೆ ಕೆಮ್ಮಿ, ಟಕ್ಕೆಂದು ನಿಂತಿತು.

"ವಿಂಚ್! ಹಗ್ಗ ಎಳೀರಿ ಮೇಸ್ತ್ರಿ!" ಕ್ಯಾಪ್ಟನ್ ಕೂಗಿದಳು.

ಅವನು ಮತ್ತೆ ಹಾರಿದ. ಗಾಡಿಯ ಮೂತಿಯಲ್ಲಿದ್ದ ವಿಂಚಿನ ಕೊಕ್ಕೆ ಕಿತ್ತು, ಉಕ್ಕಿನ ಹಗ್ಗವನ್ನು ಹೆಗಲ ಮೇಲೆ ಹೊತ್ತು, ದಡದ ಬಂಡೆಗೆ ಸುತ್ತಿದ. ಬ್ಯಾಟರಿಯ ಬಲದಲ್ಲೇ ವಿಂಚು ಗೊಣಗುತ್ತ ಗಾಡಿಯನ್ನು ಇಂಚಿಂಚಾಗಿ ಆಚೆ ದಡಕ್ಕೆ ಎಳೆಯಿತು. ಬಾನೆಟ್ ಎತ್ತಿ ನೋಡಿದವನೇ ಮೇಸ್ತ್ರಿ ತಲೆ ಅಲ್ಲಾಡಿಸಿದ. "ನೀರು ಕುಡಿದಿದೆ. ಎಂಜಿನ್ ಒಳಗಿನ ರಾಡು ಬಾಗಿರುತ್ತೆ. ಇದು ಇನ್ನು ಇಲ್ಲಿಂದ ಏಳಲ್ಲ."

"ಹಾಗಾದ್ರೆ ವಾಪಸ್ ಹೋಗೋದು ಹೇಗೆ?" ನರ್ಸ್ ಕೇಳಿದಳು.

"ಕಂದು ಗಾಡೀಲಿ," ಎಂದಳು ಕ್ಯಾಪ್ಟನ್. "ಅದರ ಎಂಜಿನ್‌ಗೆ ಏನೂ ಆಗಿರಲ್ಲ. ಚಕ್ರ ಒಂದು ಕೂರಿಸಿದ್ರೆ ಆಯ್ತು. ಮೇಸ್ತ್ರಿ ಇದ್ದಾರಲ್ಲ!"

ಅರ್ಧ ಕಿಲೋಮೀಟರ್ ಮೇಲೆ ಕಂದು ಗಾಡಿ ಬಂಡೆಗೆ ಒರಗಿ, ಎಡಗಾಲು ಮಡಚಿಕೊಂಡು ಕೂತಿತ್ತು. ಪಕ್ಕದಲ್ಲಿ ಟಾರ್ಪಾಲಿನ ನೆರಳಲ್ಲಿ ತಮ್ಮ ಮಲಗಿದ್ದ. ತುಟಿ ಬೆಳ್ಳಗಾಗಿತ್ತು. ಅಕ್ಕನ ಕೈ ಹಿಡಿದುಕೊಂಡವನು ಅವಳ ಹಿಂದೆ ನಿಂತವನನ್ನು ನೋಡಿ ನಕ್ಕ.

"ಮೇಸ್ತ್ರಿ ಅಣ್ಣ! ನೀವೂ ಬಂದ್ರಾ? ಬೈಬೇಡಿ. ನಿಮ್ಮ ಕೆಲಸ ಗಟ್ಟಿಯಾಗೇ ಇತ್ತು. ನಾನೇ ಆ ಕಲ್ಲಿನ ಮೇಲೆ ಜೋರಾಗಿ ಹತ್ತಿಸಿಬಿಟ್ಟೆ."

ಅಯ್ಯೋ, ಆ ಮಾತು! "ಸುಮ್ನಿರಪ್ಪ," ಎಂದಷ್ಟೇ ಹೇಳಿ ಮೇಸ್ತ್ರಿ ಗಾಡಿಯ ಕಡೆ ತಿರುಗಿದ.

ನರ್ಸ್ ಪಾದ ಮುಟ್ಟಿ ನೋಡಿ, ಕಾಲಿಗೆ ಹಲಗೆ ಕಟ್ಟಿ, ಕ್ಯಾಪ್ಟನ್ನನ್ನು ಬದಿಗೆ ಕರೆದಳು. "ಪಾದ ತಣ್ಣಗಾಗ್ತಿದೆ. ರಕ್ತ ಸರಿಯಾಗಿ ಇಳೀತಿಲ್ಲ. ಸಂಜೆ ಆರರೊಳಗೆ ಆಪರೇಷನ್ ಶುರುವಾಗದಿದ್ರೆ ಕಾಲು ಉಳಿಯೋದು ಕಷ್ಟ."

ಆಗ ಹನ್ನೊಂದು. ಇಳಿಯುವುದಕ್ಕೆ ಕಡಿಮೆಯೆಂದರೂ ನಾಲ್ಕು ಗಂಟೆ ಬೇಕು.

ಮೇಸ್ತ್ರಿ ಜಾಕ್ ಏರಿಸಿ ಚಕ್ರ ಕಳಚಿದ. ಜಾಯಿಂಟಿನ ಕಡ್ಡಿ ಕುತ್ತಿಗೆಯಲ್ಲೇ ತುಂಡಾಗಿತ್ತು. ನಟ್ಟಿನ ಜೊತೆ ವಾಷರ್ ಇನ್ನೂ ಅಂಟಿಕೊಂಡಿತ್ತು. ಅದನ್ನು ಬೇಗ ಅಂಗೈಯಲ್ಲಿ ಮುಚ್ಚಿ ಜೇಬಿಗಿಳಿಸಿದ. ಚೀಲದ ತಳದಿಂದ ಹೊಸ ಜಾಯಿಂಟ್ ತೆಗೆದು ನಕಲ್ಲಿನ ತೂತಿಗೆ ತೋರಿಸಿದ.

ತೂತು ಉಳಿದಿರಲಿಲ್ಲ. ಮೂರು ವಾರ ಸಡಿಲ ಕಡ್ಡಿ ಒಳಗೆ ಅಲ್ಲಾಡಿ ಅಲ್ಲಾಡಿ ಅದನ್ನು ಮೊಟ್ಟೆಯ ಆಕಾರಕ್ಕೆ ಸವೆಸಿತ್ತು. ಸರಿಯಾದ ಸಾಮಾನೂ ಈಗ ಅಲ್ಲಿ ಕೂರುವುದಿಲ್ಲ. ವಾಷರ್ ಇಟ್ಟರೆ ಮಾತ್ರ ಕೂರುತ್ತದೆ.

ವಾಷರ್ ಇಟ್ಟರೆ ಅರ್ಧ ಗಂಟೆಯ ಕೆಲಸ. ಪೇಟೆಯವರೆಗೆ ಬಂದರೂ ಬಂದೀತು. ಬಂದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಎಂದೆಂದಿಗೂ. ಜೇಬಿನೊಳಗೆ ಬೆರಳುಗಳು ಆ ವಾಷರನ್ನು ಹಿಡಿದೇ ಇದ್ದವು. ಥೂ ನಿನ್ನ, ಎಂದು ತನ್ನನ್ನು ತಾನೇ ಬೈದುಕೊಂಡು ಎದ್ದು ನಿಂತ.

"ಕ್ಯಾಪ್ಟನ್, ಮೂರು ಗಂಟೆ ಬೇಕು. ಬಿಳಿ ಗಾಡಿಯಿಂದ ನಕಲ್ಲು, ಜಾಯಿಂಟು ಎರಡನ್ನೂ ಜೋಡಿಯಾಗೇ ಬಿಚ್ಚಿ ತಂದು ಇದಕ್ಕೆ ಕೂರಿಸಬೇಕು."

"ಮೂರು ಗಂಟೆನಾ? ತಲೆ ಕೆಟ್ಟಿದೆಯಾ? ಹೊಳೆ ಏರ್ತಿದೆ! ಕೈಯಲ್ಲಿ ಹೊಸ ಜಾಯಿಂಟ್ ಇದೆಯಲ್ಲ, ಹಾಕಿ, ಹೊರಡೋಣ!" ಎಂದವಳು ಅಲ್ಲಿಗೇ ನಿಂತಳು. ಅವನ ಕೈ ನೋಡಿದಳು, ಚೀಲ ನೋಡಿದಳು. "ಒಂದ್ನಿಮಿಷ. ಚಕ್ರ ಬಿತ್ತು ಅಂತಷ್ಟೇ ರೇಡಿಯೋದಲ್ಲಿ ಬಂದದ್ದು. ಸರಿಯಾಗಿ ಇದೇ ಸಾಮಾನು ನಿಮ್ಮ ಚೀಲಕ್ಕೆ ಹೇಗೆ ಬಂತು?"

ಮೇಸ್ತ್ರಿ ಜೇಬಿನಿಂದ ವಾಷರ್ ತೆಗೆದು ಅವಳ ಅಂಗೈಯಲ್ಲಿಟ್ಟ.

"ನಾನು ಹಾಕಿದ ಜಾಯಿಂಟ್ ಸರಿಯಾಗಿ ಕೂತಿರ್ಲಿಲ್ಲ. ಗೊತ್ತಾಯ್ತು. ಗೊತ್ತಾಗಿ ಇದನ್ನ ಕೆಳಗಿಟ್ಟು ಮುಚ್ಚಿದೆ. ನಿಮ್ಮ ತಮ್ಮನ ಕಾಲು ಮುರಿದದ್ದು ಕಲ್ಲಿಂದಲ್ಲ, ನನ್ನಿಂದ. ಈಗ ಈ ತೂತು ಸವೆದಿದೆ. ಅವಸರದಲ್ಲಿ ಮತ್ತೆ ಅದನ್ನೇ ಮಾಡಿದ್ರೆ ನಾಲ್ಕು ಜನಾನೂ ಹೊಳೆ ಪಾಲು. ಬೈಯೋದು ಆಮೇಲೆ ಬೈರಿ, ಹೊಡೀರಿ. ಈಗ ಮೂರು ಗಂಟೆ ಕೊಡಿ."

ಕ್ಯಾಪ್ಟನ್ ಕೈ ಎತ್ತಿದಳು. ಹೊಡೆಯಲಿಲ್ಲ. ಟಾರ್ಪಾಲಿನ ಕೆಳಗೆ ತಮ್ಮ ಎಲ್ಲ ಕೇಳಿಸಿಕೊಂಡು ಮುಖ ಆಚೆ ತಿರುಗಿಸಿದ. ಅದು ಹೊಡೆತಕ್ಕಿಂತ ಜೋರಾಗಿ ಬಿತ್ತು.

"ಮೂರಲ್ಲ," ಎಂದಳು ಅವಳು, ಹಲ್ಲು ಕಚ್ಚಿ. "ಎರಡೂವರೆ. ನಡಿ."

ಅಲ್ಲಿಯತನಕ ಅವನಿಗೆ 'ನೀವು' ಅನ್ನುತ್ತಿದ್ದವಳು ಅಲ್ಲಿಂದ ಮುಂದೆ 'ನೀನು' ಅಂದಳು.

ಬುಡ ಒಂದೇ ಆಗಿದ್ದದ್ದು ಈಗ ನಿಜವಾಗಿ ಕೈ ಹಿಡಿಯಿತು. ಬಿಳಿ ಗಾಡಿಯ ಎಡ ಮುಂಚಕ್ರದಿಂದ ನಕಲ್ಲನ್ನೂ ಅದರ ಜೊತೆ ಹುಟ್ಟಿದ ಜಾಯಿಂಟನ್ನೂ ಬೇರ್ಪಡಿಸದೆ ಬಿಚ್ಚಿದ. ಸುತ್ತಿಗೆ ಏಟಿಗೆ ಬೆರಳ ಉಗುರು ಕಿತ್ತುಬಂತು, ಬಟ್ಟೆ ಸುತ್ತಿಕೊಂಡ. ಆ ಉಕ್ಕಿನ ಭಾರವನ್ನು ಹೆಗಲ ಮೇಲೆ ಹೊತ್ತು ಅರ್ಧ ಕಿಲೋಮೀಟರ್ ಏರಿದ. ಕ್ಯಾಪ್ಟನ್ ಹಿಂದೆಯೇ ಸ್ಪ್ಯಾನರುಗಳನ್ನು ಹಿಡಿದು ಬಂದಳು. ಕೇಳಿದ ಸ್ಪ್ಯಾನರ್ ಕೈಗೆ ಬರುತ್ತಿತ್ತು, ಅಷ್ಟೇ. ಮೇಲಿನ ಜಾಯಿಂಟ್ ಕೂತಿತು. ಆಕ್ಸಲ್ ಹಲ್ಲಿಗೆ ಹಲ್ಲು ಕೂಡಿತು. ನಾಲ್ಕು ಬೋಲ್ಟು ಬಿಗಿಯಾದವು. ಕೊನೆಗೆ ಸ್ಪ್ಲಿಟ್ ಪಿನ್ನು.

"ತಡಿ," ಎಂದಳು ಕ್ಯಾಪ್ಟನ್. ಮಂಡಿಯೂರಿ, ಟಾರ್ಚ್ ಹಾಕಿ, ನಟ್ಟಿನ ಕೆಳಗೆ ಬೆರಳಾಡಿಸಿ ನೋಡಿದಳು. ವಾಷರ್ ಇರಲಿಲ್ಲ. "ಹಾಕು."

ಒಂದೂವರೆಗೆ ಹೊರಟರು. ಹೊಳೆ ಬೆಳಿಗ್ಗೆಯ ಹೊಳೆಯಾಗಿರಲಿಲ್ಲ. ಕೆಂಪಗೆ, ದಪ್ಪಗೆ, ಸಿಟ್ಟಿನಲ್ಲಿ ಹರಿಯುತ್ತಿತ್ತು.

"ಗುಂಡಿ ಎಲ್ಲಿದೆ ಅಂತ ನನಗೆ ಕಾಲಲ್ಲಿ ಗೊತ್ತು," ಎಂದ ಮೇಸ್ತ್ರಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರ ತುದಿಯನ್ನು ಗಾಡಿಯ ಮೂತಿಗೆ ಬಿಗಿದು ಮುಂದೆ ಇಳಿದ. ನೀರು ಸೊಂಟಕ್ಕೆ ಬಂತು.

"ಬಲಕ್ಕೆ! ಇನ್ನೂ ಬಲಕ್ಕೆ!"

ಒಂದು ಮರದ ದಿಮ್ಮಿ ತೇಲಿ ಬಂದು ಅವನ ಪಕ್ಕೆಗೆ ಗುದ್ದಿತು. ಮುಳುಗಿದ. ಹಗ್ಗ ಬಿಗಿಯಾಯಿತು. ಕೆಮ್ಮುತ್ತ ಎದ್ದ.

"ಬನ್ನಿ! ನಿಲ್ಲಿಸಬೇಡಿ!"

ನಡು ಹೊಳೆಯಲ್ಲಿ ಎಡ ಮುಂಚಕ್ರ ನೀರೊಳಗಿನ ಕಲ್ಲಿಗೆ ಧಡ್ ಎಂದು ಬಡಿಯಿತು. ಗಾಡಿ ಪೂರಾ ನಡುಗಿತು. ಒಳಗೆ ತಮ್ಮ ಕಿರುಚಿದ. ಮೇಸ್ತ್ರಿ ಆ ಚಕ್ರವನ್ನೇ ನೋಡುತ್ತ ನಿಂತ.

ಚಕ್ರ ನೆಟ್ಟಗೇ ಇತ್ತು. ಕಲ್ಲು ಹತ್ತಿತು, ಇಳಿಯಿತು, ದಡ ಸೇರಿತು.

ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಂತಿತು. ಎಂಟು ಗಂಟೆಗೆ ನರ್ಸ್ ಹೊರಗೆ ಬಂದಳು. "ಕಾಲು ಉಳೀತು," ಎಂದಳು. "ಕುಂಟು ಉಳಿಯುತ್ತೋ ಇಲ್ವೋ, ಈಗ ಹೇಳೋಕಾಗಲ್ಲ."

ಒದ್ದೆ ಬಟ್ಟೆಯಲ್ಲೇ ಬೆಂಚಿನ ತುದಿಯಲ್ಲಿ ಕೂತಿದ್ದ ಮೇಸ್ತ್ರಿ ಮುಖ ಮುಚ್ಚಿಕೊಂಡು ಅತ್ತ. ಸಮಾಧಾನ ಮಾಡಲು ಯಾರೂ ಬರಲಿಲ್ಲ. ಯಾಕೆ ಬರಬೇಕು?

ಮರುದಿನ ಬೆಳಿಗ್ಗೆ ಅವನು ಅಂಗಡಿಯ ಬೋರ್ಡು ಇಳಿಸಿದ. ಅದೇ ಜಾಯಿಂಟನ್ನು ಕೊಂಡವರ ಫೋನ್ ನಂಬರುಗಳನ್ನೆಲ್ಲ ಹುಡುಕಿ ಒಂದು ಹಾಳೆಯಲ್ಲಿ ಬರೆದ. ಮೊದಲ ನಂಬರಿಗೆ ಹಚ್ಚಿ, "ಗಾಡಿ ತೆಗೀಬೇಡಿ, ನಾನೇ ಬಂದು ನೋಡ್ತೀನಿ. ತಪ್ಪು ನಂದು," ಎಂದು ಹೇಳುತ್ತಿರುವಾಗ ಹೊರಗೆ ಪರಿಚಿತ ಎಂಜಿನ್ ಸದ್ದು ಕೇಳಿಸಿತು.

ಕ್ಯಾಪ್ಟನ್ ಒಳಗೆ ಬಂದಳು. ಕಂದು ಗಾಡಿಯ ಕೀಲಿಯನ್ನು ಟೇಬಲ್ ಮೇಲೆ ಕುಕ್ಕಿದಳು. ಅದರ ರಿಂಗಿನಲ್ಲಿ ಆ ವಾಷರ್ ಪೋಣಿಸಿತ್ತು.

"ಕ್ಷಮಿಸಿದೀನಿ ಅಂದ್ಕೋಬೇಡ," ಎಂದಳು. "ತಮ್ಮನಿಗೆ ಈ ಗಾಡಿ ಬಿಟ್ರೆ ಬೇರೆ ಬೇಡ್ವಂತೆ. ಈ ಗಾಡಿ ಬುಡ ನಿನ್ನಷ್ಟು ತಿಳಿದೋರು ಊರಲ್ಲಿ ಯಾರೂ ಇಲ್ಲ, ಏನ್ಮಾಡ್ಲಿ, ನನ್ನ ಕರ್ಮ. ನಾಲ್ಕೂ ಚಕ್ರ ಬಿಚ್ಚು. ಒಂದೊಂದು ನಟ್ಟೂ ನನಗೆ ತೋರಿಸಿ ಹಾಕು."

ಗ್ಯಾರೇಜಿನ ಮೂಲೆಯಿಂದ ಅವಳೇ ಒಂದು ಸ್ಟೂಲು ಎಳೆದುಕೊಂಡು ಬಂದು ಎಡ ಮುಂಚಕ್ರದ ಎದುರು ಕೂತಳು. ಮೇಸ್ತ್ರಿ ಜಾಕ್ ತಂದ.